ಇಸ್ತ್ರಿ ಪೆಟ್ಟಿಗೆ ಕಟ್ಟಡ: ಎರಡು ಸಲ ಹರಾಜಾಗಿದ್ದೇಕೆ, ಈಗ ಮನೆಯಾಗುತ್ತಿರುವುದೇಕೆ?

2023ರ ಮಾರ್ಚ್ 22ರಂದು ನ್ಯೂಯಾರ್ಕಿನ ಕೋರ್ಟೊಂದರ ಮೆಟ್ಟಿಲ ಬಳಿ ಹರಾಜು ನಡೆಯಿತು. ಹರಾಜಿಗಿದ್ದದ್ದು ಫ್ಲಾಟ್‌ಐರನ್ ಬಿಲ್ಡಿಂಗ್. ಕ್ಯಾಲೆಂಡರಿನಲ್ಲೋ ಕಾಫಿ ಲೋಟದ ಮೇಲೋ ಟೀ ಶರ್ಟಿನ ಮೇಲೋ ನೀವು ಅದನ್ನು ಖಂಡಿತ ನೋಡಿರುತ್ತೀರಿ. ಎರಡು ರಸ್ತೆಗಳ ನಡುವೆ ಚೂಪಾಗಿ ಮುಂದಕ್ಕೆ ಚಾಚಿಕೊಂಡ, ಹಡಗಿನ ಮೂತಿಯಂಥ ತ್ರಿಕೋನ ಕಟ್ಟಡ ಅದು. ಹರಾಜಿನಲ್ಲಿ ಅಷ್ಟೇನೂ ಹೆಸರು ಕೇಳದ ವ್ಯಕ್ತಿಯೊಬ್ಬರು 19 ಕೋಟಿ ಡಾಲರಿಗೆ ಕೂಗಿ ಗೆದ್ದರು. ಆಗಿನ ದರದಲ್ಲಿ ನಮ್ಮ ಲೆಕ್ಕಕ್ಕೆ ಇದು 1,500 ಕೋಟಿ ರೂಪಾಯಿಗೂ ಮಿಗಿಲು. ಎರಡು ದಿನದೊಳಗೆ ಶೇ. 10ರಷ್ಟು, ಅಂದರೆ 1.9 ಕೋಟಿ ಡಾಲರ್ ಮುಂಗಡ ಕಟ್ಟಬೇಕಿತ್ತು. ಕಟ್ಟಲಿಲ್ಲ.

ಮೇ ತಿಂಗಳಲ್ಲಿ ಮತ್ತೆ ಹರಾಜಾಯಿತು. ಈ ಸಲ ಬೆಲೆ 16.1 ಕೋಟಿ ಡಾಲರಿಗೆ ಇಳಿದಿತ್ತು. ಕೊಂಡವರು ಯಾರೆಂದರೆ ಆ ಕಟ್ಟಡದ ಮುಕ್ಕಾಲು ಪಾಲಿನ ಮಾಲೀಕರೇ. ಅದೇ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು: ನೂರಿಪ್ಪತ್ತು ವರ್ಷ ಆಫೀಸಾಗಿದ್ದ ಕಟ್ಟಡ ಇನ್ನು ಮನೆಗಳಾಗಲಿದೆ.

ಸುದ್ದಿ ಓದಿದವರಿಗೆ ಹಲವು ಪ್ರಶ್ನೆ ಎದ್ದವು. ಜಗತ್ತೇ ಗುರುತಿಸುವ ಕಟ್ಟಡ ಖಾಲಿ ಬಿದ್ದದ್ದು ಹೇಗೆ? ತಮ್ಮದೇ ಕಟ್ಟಡವನ್ನು ಮಾಲೀಕರು ಮತ್ತೆ ದುಡ್ಡು ಕೊಟ್ಟು ಕೊಂಡದ್ದೇಕೆ? ಅಷ್ಟು ಪ್ರೀತಿಯ ಕಟ್ಟಡಕ್ಕೆ ಎರಡನೇ ಸಲ ಬೆಲೆ ಇಳಿದದ್ದೇಕೆ? ಉತ್ತರ ಹುಡುಕುತ್ತ ಹೋದರೆ ಹೆಚ್ಚುಕಡಿಮೆ ಎಲ್ಲವೂ ಆ ಕಟ್ಟಡದ ಆಕಾರಕ್ಕೇ ಬಂದು ನಿಲ್ಲುತ್ತವೆ.

ಮೊದಲು ಪಾಲಿನ ಜಗಳ

ಹರಾಜಿನ ಕತೆ ಕನ್ನಡದವರಿಗೆ ಅಮೆರಿಕದವರಿಗಿಂತ ಬೇಗ ಅರ್ಥವಾಗಬೇಕು. ಇದು ಶುದ್ಧ ಪಾಲು ವಿಭಾಗದ ದಾವೆ. ನಮ್ಮ ಯಾವ ತಾಲ್ಲೂಕು ಕೋರ್ಟಿಗೆ ಹೋದರೂ ಇಂಥ ಫೈಲುಗಳು ಕಂತೆಗಟ್ಟಲೆ ಸಿಗುತ್ತವೆ.

ಕಟ್ಟಡದ ಶೇ. 75ರಷ್ಟು ಪಾಲು ಮೂರು ಸಂಸ್ಥೆಗಳ ಕೈಲಿತ್ತು: ಜಿಎಫ್‌ಪಿ ರಿಯಲ್ ಎಸ್ಟೇಟ್, ಎಬಿಎಸ್ ಪಾರ್ಟ್‌ನರ್ಸ್ ಮತ್ತು ಇಟಲಿ ಮೂಲದ ಸೊರ್ಜೆಂಟೆ ಗ್ರೂಪ್. ಉಳಿದ ಶೇ. 25 ಒಬ್ಬ ಪಾಲುದಾರನದು. ಜಂಟಿ ಒಡೆತನವಾದ್ದರಿಂದ ದೊಡ್ಡ ತೀರ್ಮಾನಗಳಿಗೆ ಎಲ್ಲರ ಒಪ್ಪಿಗೆ ಬೇಕಿತ್ತು. ದುರಸ್ತಿಗೆ ಎಷ್ಟು ಸುರಿಯಬೇಕು, ಯಾರಿಗೆ ಬಾಡಿಗೆಗೆ ಕೊಡಬೇಕು ಎಂಬುದರಲ್ಲಿ ಒಮ್ಮತ ಮೂಡಲಿಲ್ಲ. ಮುಕ್ಕಾಲು ಪಾಲಿನವರು 2021ರಲ್ಲಿ ಕೋರ್ಟಿಗೆ ಹೋದರು.

ಹೊಲವಾದರೆ ಬದು ಹಾಕಿ ಹಂಚಬಹುದು. ಮನೆಯಾದರೂ ಮಧ್ಯೆ ಗೋಡೆ ಎಬ್ಬಿಸಿ, ಒಬ್ಬರು ಮುಂಬಾಗಿಲು ಇನ್ನೊಬ್ಬರು ಹಿತ್ತಲ ಬಾಗಿಲು ಬಳಸಿಕೊಂಡು ಬದುಕಿದ ಅಣ್ಣತಮ್ಮಂದಿರಿದ್ದಾರೆ. ಒಂದೇ ಲಿಫ್ಟ್ ಸಾಲು, ಒಂದೇ ಮೆಟ್ಟಿಲು ಇರುವ ಚೂಪು ತ್ರಿಕೋನವನ್ನು ನಾಲ್ಕರಲ್ಲಿ ಒಂದು ಪಾಲಾಗಿ ಕತ್ತರಿಸುವುದು ಹೇಗೆ? ಹಂಚಲಾಗದ ಆಸ್ತಿಯನ್ನು ಮಾರಿ ಹಣ ಹಂಚುವುದೊಂದೇ ಉಳಿಯುವ ದಾರಿ. ಭಾರತದಲ್ಲೂ 1893ರ ವಿಭಾಗ ಕಾಯ್ದೆ ಇದೇ ಮಾತು ಹೇಳುತ್ತದೆ. ಆಸ್ತಿ ಹಂಚುವುದು ವ್ಯಾವಹಾರಿಕವಲ್ಲ ಎಂದು ಕಂಡರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರ ಕೋರಿಕೆಯ ಮೇಲೆ ಕೋರ್ಟು ಮಾರಾಟಕ್ಕೆ ಆದೇಶಿಸಬಹುದು. ಉಳಿದ ಪಾಲುದಾರರಿಗೆ, ಬೆಲೆ ಕಟ್ಟಿಸಿ ಆ ಪಾಲನ್ನು ತಾವೇ ಕೊಳ್ಳುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ನ್ಯೂಯಾರ್ಕಿನಲ್ಲಿ ನಡೆದದ್ದು ಬಹಿರಂಗ ಹರಾಜು.

ತಮ್ಮದನ್ನೇ ಕೊಂಡವರ ಲೆಕ್ಕ

ಮುಕ್ಕಾಲು ಪಾಲು ಕೈಲಿದ್ದವರು 16.1 ಕೋಟಿ ಡಾಲರ್ ಕೊಟ್ಟು ಕೊಂಡರು ಎಂಬುದು ಕಾಗದದ ಮೇಲಿನ ಲೆಕ್ಕ. ಹರಾಜಿನ ಹಣ ಪಾಲಿನ ಪ್ರಕಾರ ಹಂಚಿಕೆಯಾಗುತ್ತದೆ. ಸಾಲ, ಕೋರ್ಟು ಖರ್ಚು ಬದಿಗಿಟ್ಟರೆ ಅದರ ಮುಕ್ಕಾಲು ಭಾಗ ಒಂದು ಸುತ್ತು ಹಾಕಿ ಅವರ ಜೇಬಿಗೇ ವಾಪಸ್. ನಿಜವಾಗಿ ಕೈಬಿಟ್ಟು ಹೋಗುವುದು ನಾಲ್ಕನೇ ಒಂದು ಪಾಲು, ಸುಮಾರು 4 ಕೋಟಿ ಡಾಲರ್. ಆ ಮೊತ್ತಕ್ಕೆ ಅವರಿಗೆ ಸಿಕ್ಕಿದ್ದು ಕಾಲು ಪಾಲು ಮತ್ತು, ಅದಕ್ಕಿಂತ ಮುಖ್ಯವಾಗಿ, ಇನ್ನು ಯಾರ ಒಪ್ಪಿಗೆಗೂ ಕಾಯಬೇಕಿಲ್ಲದ ಸ್ವಾತಂತ್ರ್ಯ.

ಮಾರ್ಚಿನ ಹರಾಜಿನಲ್ಲಿ ಎರಡನೇ ಸ್ಥಾನದಲ್ಲಿದ್ದವರೂ ಇವರೇ. ಅವರು ಕೊನೆಗೆ ಕೂಗಿದ್ದು 18.95 ಕೋಟಿ. ಗೆದ್ದವರು ಮುಂಗಡ ಕಟ್ಟದಾಗ ಅದೇ ಬೆಲೆಗೆ ಕೊಳ್ಳುವ ಅವಕಾಶ ಇವರಿಗೆ ಬಂತು, ಬೇಡವೆಂದರು. ಹಟಕ್ಕೆ ಬಿದ್ದ ಎದುರಾಳಿ ಏರಿಸಿದ ಬೆಲೆ ಅದು. ಆತನೇ ಹಣ ಕಟ್ಟದೇ ಹೋದ ಮೇಲೆ ಆ ಬೆಲೆಗೆ ಬುಡವೇ ಇರಲಿಲ್ಲ. ಎರಡು ತಿಂಗಳು ಕಾದದ್ದರಿಂದ ಬೆಲೆ 2.85 ಕೋಟಿ ಡಾಲರಿನಷ್ಟು ಇಳಿಯಿತು. ಕಾಲು ಪಾಲಿನ ಲೆಕ್ಕದಲ್ಲಿ ಅವರಿಗೆ ಉಳಿದದ್ದು 70 ಲಕ್ಷ ಡಾಲರಿಗೂ ಹೆಚ್ಚು. ಕಟ್ಟಡದ ಯೋಗ್ಯತೆ ಎರಡು ತಿಂಗಳಲ್ಲಿ ಕುಸಿಯಿತು ಎಂದು ಬರೆದ ಸುದ್ದಿಗಳು ಈ ಸಣ್ಣ ಗುಣಾಕಾರವನ್ನು ಮಾಡಿರಲಿಲ್ಲ.

ಖಾಲಿ ಬಿದ್ದದ್ದು ಏಕೆ?

ಪಾಲುದಾರರ ಜಗಳ ಕಟ್ಟಡ ತುಂಬಿದ್ದಾಗಲೂ ಇದ್ದಿರಬಹುದು, ಆದರೆ ಬಾಡಿಗೆ ಬರುತ್ತಿರುವವರೆಗೆ ಜಗಳ ಬೀದಿಗೆ ಬರುವುದಿಲ್ಲ. ಬಾಡಿಗೆ ನಿಂತದ್ದು 2019ರಲ್ಲಿ. ಅಲ್ಲಿದ್ದ ಪ್ರಕಾಶನ ಸಂಸ್ಥೆ ಮ್ಯಾಕ್‌ಮಿಲನ್ ಕಾಲಕ್ರಮದಲ್ಲಿ ಆಫೀಸು ಮಹಡಿಗಳನ್ನೆಲ್ಲ ತುಂಬಿಕೊಂಡಿತ್ತು. ಒಬ್ಬನೇ ಬಾಡಿಗೆದಾರನಿದ್ದರೆ ಮಾಲೀಕನಿಗೆ ನೆಮ್ಮದಿ. ಆತ ಎದ್ದುಹೋದ ದಿನ ಮಾತ್ರ ಎಲ್ಲ ಮಹಡಿಗಳೂ ಒಟ್ಟಿಗೆ ಖಾಲಿ. ಹೊಸಬರನ್ನು ಹುಡುಕುವ ಮೊದಲೇ 2020 ಬಂತು. ಕೋವಿಡ್ ಆಫೀಸುಗಳನ್ನು ಮನೆಗೆ ಕಳಿಸಿತು.

ಬೇರೆ ಆಫೀಸು ಕಟ್ಟಡಗಳೂ ಆಗ ಖಾಲಿಯಾದವು, ನಿಜ. ಇದಕ್ಕೆ ಆಕಾರದ ತೊಡಕೂ ಸೇರಿಕೊಂಡಿತು. ಕಟ್ಟಡ ನಿಂತ ಜಾಗ ಸುಮಾರು 8,500 ಚದರ ಅಡಿ. ನಮ್ಮ 30/40ರ ಏಳು ಸೈಟುಗಳಷ್ಟು. ಇಪ್ಪತ್ತು ಚಿಲ್ಲರೆ ಮಹಡಿಗಳಲ್ಲಿ ಪ್ರತಿಯೊಂದೂ ಅಷ್ಟೇ ಚಿಕ್ಕದು. ಅದರಲ್ಲಿ ಲಿಫ್ಟು, ಮೆಟ್ಟಿಲು, ಶೌಚಾಲಯ, ಪೈಪುಗಳಿಗೆ ಹೋಗುವ ಭಾಗ ಕಳೆಯಿರಿ. ಇನ್ನೂರು ಜನರನ್ನು ಒಂದೇ ಮಹಡಿಯಲ್ಲಿ ಕೂರಿಸಬೇಕೆನ್ನುವ ಕಂಪನಿಗೆ ಇದು ಆಗಿಬರುವುದಿಲ್ಲ. ಮೂಲ ವಿನ್ಯಾಸದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಆಮೇಲೆ ಜಾಗ ಹೊಂದಿಸಿದ್ದು ಒಂದು ಮಹಡಿಯಲ್ಲಿ ಗಂಡಸರಿಗೆ, ಮುಂದಿನ ಮಹಡಿಯಲ್ಲಿ ಹೆಂಗಸರಿಗೆ ಎಂಬಂತೆ. ನೀರಿನ ಒತ್ತಡದಿಂದ ನಡೆಯುತ್ತಿದ್ದ ಹಳೆಯ ಲಿಫ್ಟುಗಳನ್ನು ಬದಲಿಸಿದ್ದು 1990ರ ದಶಕದಲ್ಲಿ. 21ನೇ ಮಹಡಿಯನ್ನು 1905ರಲ್ಲಿ ಆಮೇಲೆ ಕೂರಿಸಿದ್ದರಿಂದ ಅಲ್ಲಿಗೆ ಹೋಗಬೇಕಾದರೆ 20ರಲ್ಲಿ ಇಳಿದು ಇನ್ನೊಂದು ಲಿಫ್ಟು ಹತ್ತಬೇಕಿತ್ತು.

ಒಳಗಿನ ಬದುಕು ಹೇಗಿದ್ದೀತು ಎಂದು ತಿಳಿಯಲು ಜಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರನ್ನು ಮೇಜಿನ ಮೇಲಿಟ್ಟು ನೋಡಿ. ಚೂಪಾದ ತುದಿಯಲ್ಲಿ ಕೋನ ಸುಮಾರು 25 ಡಿಗ್ರಿ, ಅಲ್ಲಿ ಕಟ್ಟಡದ ಅಗಲ ಆರೂವರೆ ಅಡಿ. ಒಬ್ಬ ಎತ್ತರದ ಮನುಷ್ಯ ಕೈ ಚಾಚಿದರೆ ಎರಡೂ ಗೋಡೆ ಸಿಗಬೇಕು. ಆ ಕೋಣೆಯಲ್ಲಿ ಮೂರೂ ದಿಕ್ಕಿಗೆ ಕಿಟಕಿ, ಕೆಳಗೆ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನ ಮರಗಳು. ಎಂಥ ನೋಟ! ಆದರೆ ಚೌಕಾಕಾರದ ಬೀರುವನ್ನು ಗೋಡೆಗೆ ಒತ್ತರಿಸಿದರೆ ಮೂಲೆಯಲ್ಲಿ ಪೊರಕೆ ಇಡುವಷ್ಟು ಮುಕ್ಕೋನ ಜಾಗ ವ್ಯರ್ಥವಾಗಿ ಉಳಿಯುತ್ತದೆ. ಬಾಡಿಗೆ ಮಾತ್ರ ಆ ಪೊರಕೆ ಜಾಗಕ್ಕೂ ಕೊಡಬೇಕು.

ಮ್ಯಾಕ್‌ಮಿಲನ್ ಹೋದದ್ದಾದರೂ ಎಲ್ಲಿಗೆ? 120 ಬ್ರಾಡ್‌ವೇಯ ಈಕ್ವಿಟಬಲ್ ಬಿಲ್ಡಿಂಗಿಗೆ. ಅದು 1915ರ ಕಟ್ಟಡ, ತನ್ನ ಜಾಗವನ್ನು ಗೋಡೆಯಿಂದ ಗೋಡೆಗೆ ತುಂಬಿಕೊಂಡು ಸುತ್ತಲಿನವರ ಬಿಸಿಲು ನುಂಗಿದ ಭಾರೀ ಗಾತ್ರದ್ದು. ಅದರ ಮೇಲಿನ ಸಿಟ್ಟೂ ಸೇರಿ 1916ರಲ್ಲಿ ನ್ಯೂಯಾರ್ಕ್ ಕಟ್ಟಡಗಳ ಗಾತ್ರಕ್ಕೆ ಕಟ್ಟುಪಾಡು ತಂದಿತು. ನೋಡಲು ಯಾರೂ ನಿಲ್ಲದ ಆ ಕಟ್ಟಡಕ್ಕೆ ಕೆಲಸ ಮಾಡಲು ಜನ ಹೋದರು. ಎಲ್ಲರೂ ನಿಂತು ನೋಡುವ ಕಟ್ಟಡದ ಒಳಗೆ ಯಾರೂ ಉಳಿಯಲಿಲ್ಲ.

ತ್ರಿಕೋನ ಹುಟ್ಟಿದ್ದು ರಸ್ತೆಯಿಂದ

ವಿಚಿತ್ರ ಆಕಾರದ ಕಟ್ಟಡ ಕಂಡರೆ ವಾಸ್ತುಶಿಲ್ಪಿಯ ಕಲ್ಪನೆಗೆ ಕೈಮುಗಿಯುವುದು ರೂಢಿ. ಇಲ್ಲಿ ಕೈಮುಗಿಯಬೇಕಾದದ್ದು ಒಂದು ಕಾಲುದಾರಿಗೆ. ಕಟ್ಟಡದ ಪಕ್ಕದ ಬ್ರಾಡ್‌ವೇ ರಸ್ತೆ ಮೂಲದಲ್ಲಿ ಅಲ್ಲಿನ ಮೂಲನಿವಾಸಿಗಳು ತುಳಿದು ಮಾಡಿದ ಹಾದಿ. 1811ರಲ್ಲಿ ಮ್ಯಾನ್‌ಹಟನ್ನಿನ ಮೇಲೆ ಗೆರೆ ಹಾಕಿ, ಉದ್ದುದ್ದ ಅವೆನ್ಯೂ, ಅಡ್ಡಡ್ಡ ಸ್ಟ್ರೀಟುಗಳ ಚೌಕುಳಿ ನಕ್ಷೆ ಮಾಡಿದರು. ಹಳೆಯ ಬ್ರಾಡ್‌ವೇ ಆ ಚೌಕುಳಿಗೆ ಮಣಿಯಲಿಲ್ಲ, ಓರೆಯಾಗಿಯೇ ಉಳಿಯಿತು. ಅದು ಎಲ್ಲೆಲ್ಲಿ ಅವೆನ್ಯೂಗಳನ್ನು ಕತ್ತರಿಸಿತೋ ಅಲ್ಲೆಲ್ಲ ಮುಕ್ಕೋನದ ತುಂಡುಗಳು ಉಳಿದವು. ಯೂನಿಯನ್ ಸ್ಕ್ವೇರ್, ಹೆರಾಲ್ಡ್ ಸ್ಕ್ವೇರ್, ಟೈಮ್ಸ್ ಸ್ಕ್ವೇರ್ ಎಲ್ಲ ಹೀಗೆ ಹುಟ್ಟಿದ ಜಾಗಗಳೇ. ಫಿಫ್ತ್ ಅವೆನ್ಯೂವನ್ನು ಬ್ರಾಡ್‌ವೇ ದಾಟುವಲ್ಲಿ, 22 ಮತ್ತು 23ನೇ ಸ್ಟ್ರೀಟುಗಳ ಮಧ್ಯೆ ಉಳಿದ ತುಂಡಿನ ಮೇಲೆ ನಿಂತಿರುವುದು ನಮ್ಮ ಕಟ್ಟಡ.

ಹೆಸರು ಕೂಡ ಜಾಗದ್ದೇ. ಕಟ್ಟಡ ಏಳುವ ಮೊದಲೇ ಜನ ಆ ತುಂಡು ನೆಲವನ್ನು ಫ್ಲಾಟ್‌ಐರನ್, ಅಂದರೆ ಇಸ್ತ್ರಿ ಪೆಟ್ಟಿಗೆ ಎಂದು ಕರೆಯುತ್ತಿದ್ದರು. ಕಟ್ಟಿಸಿದ ಫುಲ್ಲರ್ ಕಂಪನಿ ಇಟ್ಟ ಅಧಿಕೃತ ಹೆಸರು ಫುಲ್ಲರ್ ಬಿಲ್ಡಿಂಗ್. ಜನ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಡೆಗೆ ಕಂಪನಿಯೇ 1929ರಲ್ಲಿ ಹೆಸರನ್ನೂ ಹೊತ್ತುಕೊಂಡು ಬೇರೆ ಕಟ್ಟಡಕ್ಕೆ ಹೋಯಿತು.

ಇದೇ ಕಾರಣ ಬೇರೆ ಊರುಗಳಲ್ಲೂ ಕೆಲಸ ಮಾಡಿದೆ. ಕೆನಡಾದ ಟೊರಾಂಟೊದಲ್ಲಿ ಗೂಡರ್‌ಹ್ಯಾಮ್ ಬಿಲ್ಡಿಂಗ್ ಎಂಬ ಐದಂತಸ್ತಿನ ಕೆಂಪು ಇಟ್ಟಿಗೆಯ ಮುಕ್ಕೋನವಿದೆ. 1892ರದ್ದು, ನ್ಯೂಯಾರ್ಕಿನದಕ್ಕಿಂತ ಹತ್ತು ವರ್ಷ ಹಿರಿದು. ಅಲ್ಲಿ ಚೌಕುಳಿಗೆ ಮಣಿಯದಿದ್ದದ್ದು ಫ್ರಂಟ್ ಸ್ಟ್ರೀಟ್, ಒಂಟಾರಿಯೊ ಸರೋವರದ ಹಳೆಯ ದಡವನ್ನು ಅನುಸರಿಸಿ ಓರೆಯಾಗಿ ಸಾಗುವ ರಸ್ತೆ. ಒಂದು ಕಡೆ ಕಾಲುದಾರಿ, ಇನ್ನೊಂದು ಕಡೆ ದಡ. ಊರಿಗೆ ನಕ್ಷೆ ಬರುವ ಮುಂಚಿನ ನೆಲದ ನೆನಪು ಈ ಕಟ್ಟಡಗಳ ಮೂಲೆಯಲ್ಲಿ ಉಳಿದಿದೆ.

ಎತ್ತರಕ್ಕೆ ಏರಿದ್ದು ಬೆಲೆಯಿಂದ, ನಿಂತದ್ದು ಉಕ್ಕಿನಿಂದ

ಮುಕ್ಕೋನ ತುಂಡುಗಳ ಮೇಲೆ ಸಾಮಾನ್ಯವಾಗಿ ಪಾರ್ಕೋ ಪ್ರತಿಮೆಯೋ ಬರುತ್ತದೆ. ಇಲ್ಲಿ 285 ಅಡಿಯ ಕಟ್ಟಡ ಬಂದದ್ದೇಕೆ? ನೆಲದ ಬೆಲೆ ನೋಡಿ. ಈನೋ (Eno) ಎಂಬ ಮನೆತನದ ಹಿರಿಯ 1857ರಲ್ಲಿ ಸುಮಾರು 30 ಸಾವಿರ ಡಾಲರಿಗೆ ಕೊಂಡ ಜಾಗವದು. ಆತ ತೀರಿಕೊಂಡ ಮೇಲೆ 1899ರಲ್ಲಿ ಹರಾಜಿಗೆ ಬಂದಾಗ ಮಗನೇ 6.9 ಲಕ್ಷಕ್ಕೆ ಕೂಗಿ ಕೊಂಡ. ಮೂರೇ ವಾರದಲ್ಲಿ 8.01 ಲಕ್ಷಕ್ಕೆ ಮಾರಿದ. ಫುಲ್ಲರ್ ಕಂಪನಿ 1901ರಲ್ಲಿ ಕೊಳ್ಳುವಾಗ ಬೆಲೆ 20 ಲಕ್ಷದ ಆಸುಪಾಸಿಗೆ ಮುಟ್ಟಿತ್ತು. (ಪಾಲಿನವರ ಕೈಯಿಂದ ಹರಾಜಿಗೆ ಬರುವುದು ಈ ನೆಲಕ್ಕೆ ಹೊಸದಲ್ಲ ಎಂಬುದನ್ನೂ ಗಮನಿಸಿ.) ಅಷ್ಟು ಸುರಿದ ಮೇಲೆ ಪಾರ್ಕು ಮಾಡುವವರು ಯಾರು? ಅಗಲಕ್ಕೆ ಜಾಗವಿಲ್ಲ, ಬಾಡಿಗೆ ಹುಟ್ಟಬೇಕಾದರೆ ಮೇಲಕ್ಕೇ ಹೋಗಬೇಕು.

ಮೇಲಕ್ಕೆ ಹೋಗಲು ಅಡ್ಡಿಯಾಗಿದ್ದದ್ದು ಗೋಡೆ. ಕಲ್ಲು ಇಟ್ಟಿಗೆಯ ಗೋಡೆಯೇ ಭಾರ ಹೊರಬೇಕಾದರೆ ಎತ್ತರ ಏರಿದಂತೆ ಬುಡ ದಪ್ಪವಾಗಬೇಕು. ಷಿಕಾಗೊದ ಮೊನಾಡ್‌ನಾಕ್ ಕಟ್ಟಡಕ್ಕೆ 16 ಅಂತಸ್ತು, ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ಆ ಲೆಕ್ಕವನ್ನು ಇಲ್ಲಿಗೆ ತಂದರೆ, ಎರಡೂ ಕಡೆ ಆರಾರು ಅಡಿ ಗೋಡೆ ಸೇರಿ ಹನ್ನೆರಡು ಅಡಿ. ತುದಿಯ ಅಗಲವೋ ಆರೂವರೆ! ಮೂತಿಯ ಕಡೆಯ ಕೋಣೆಗಳೆಲ್ಲ ಗೋಡೆಯಲ್ಲೇ ಮುಗಿದುಹೋಗುತ್ತಿದ್ದವು. ಮೊನಾಡ್‌ನಾಕಿನ ಆ ದಪ್ಪ ಗೋಡೆಯ ವಿನ್ಯಾಸ ಮಾಡಿದ ಸಂಸ್ಥೆಯ ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಅವರೇ ಇಲ್ಲಿ ಉಕ್ಕಿನ ಹಂದರ ನಿಲ್ಲಿಸಿದರು. ವಿನ್ಯಾಸದ ಬಹುಪಾಲು ಕೆಲಸ ಅವರ ಕಚೇರಿಯ ಫ್ರೆಡ್ರಿಕ್ ಡಿಂಕಲ್‌ಬರ್ಗ್ ಅವರದು. ನ್ಯೂಯಾರ್ಕ್ 1892ರಲ್ಲಿ ಕಟ್ಟಡ ನಿಯಮ ಸಡಿಲಿಸಿದ್ದರಿಂದ ಇದಕ್ಕೆ ದಾರಿಯಾಗಿತ್ತು. ಭಾರವೆಲ್ಲ ಉಕ್ಕಿನ ಮೇಲೆ, ಸುಣ್ಣಕಲ್ಲು ಮತ್ತು ಟೆರಾಕೋಟಾ ಬರೀ ಮೈಮೇಲಿನ ಬಟ್ಟೆ. ಕೆಲಸ ಹತ್ತಿದ ಮೇಲೆ ವಾರಕ್ಕೊಂದು ಮಹಡಿಯಂತೆ ಹಂದರ ಏರಿತು.

ಜನ ನಂಬಲಿಲ್ಲ. ಅಷ್ಟು ತೆಳ್ಳಗಿನದು ಮೊದಲ ಜೋರು ಗಾಳಿಗೆ ಉರುಳುತ್ತದೆಂದರು. ಬಿದ್ದರೆ ಅವಶೇಷ ಎಲ್ಲಿಯವರೆಗೆ ಹಾರೀತು ಎಂದು ಬಾಜಿ ಕಟ್ಟಿದವರೂ ಇದ್ದರು. ಕಟ್ಟಡ ಅಲುಗಲಿಲ್ಲ. ಗಾಳಿ ಮಾತ್ರ ಅದರ ಮೈಗೆ ಬಡಿದು ಕೆಳಗಿಳಿದು ರಸ್ತೆಯಲ್ಲಿ ಸುಳಿಯಾಯಿತು. ಹೆಂಗಸರ ಲಂಗ ಹಾರುವುದನ್ನು ನೋಡಲು ಪಡ್ಡೆಗಳು 23ನೇ ಸ್ಟ್ರೀಟಿನ ಮೂಲೆಯಲ್ಲಿ ನಿಲ್ಲತೊಡಗಿದರು. ಪೊಲೀಸರಿಗೆ ಅವರನ್ನು ಅಟ್ಟುವ ಕೆಲಸ ಬಂತು.

ಕಣ್ಣು ಸೋಲುವುದು ಎಲ್ಲಿ?

ಇದು ಎಂದೂ ಊರಿನ ಅತಿ ಎತ್ತರದ ಕಟ್ಟಡವಾಗಿರಲಿಲ್ಲ. 1899ರ ಪಾರ್ಕ್ ರೋ ಕಟ್ಟಡ ಇದಕ್ಕಿಂತ ನೂರು ಅಡಿ ಎತ್ತರವಿತ್ತು. ಅದನ್ನು ಇಂದು ನೆನಪಿಟ್ಟುಕೊಂಡವರು ಎಷ್ಟು ಜನ? ನೆನಪಿನಲ್ಲಿ ಉಳಿಯಲು ಎತ್ತರ ಸಾಲದು.

ಬೀದಿಯಲ್ಲಿ ಸಾಲಾಗಿ ನಿಂತ ಕಟ್ಟಡ ತೋರಿಸುವುದು ಒಂದೇ ಮುಖ, ಉಳಿದ ಬದಿಗಳನ್ನು ಅಕ್ಕಪಕ್ಕದವು ಮುಚ್ಚಿರುತ್ತವೆ. ಇದಕ್ಕೆ ನೆರೆಹೊರೆಯೇ ಇಲ್ಲ. ಎದುರಿಗೆ ಪಾರ್ಕು ಇರುವುದರಿಂದ ದೂರ ನಿಂತು ಪೂರ್ತಿ ನೋಡಬಹುದು. ಮೂತಿಯ ನೇರಕ್ಕೆ ನಿಂತರೆ ಅದು ಕಟ್ಟಡವಲ್ಲ, ಒಂದು ಕಂಬ. ಹಿಂದೆ ಏನೂ ಇಲ್ಲವೇನೋ ಎನಿಸುತ್ತದೆ. ಐವತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಕಂಬ ಹಿಂದಕ್ಕೆ ಉದ್ದುದ್ದ ಚಾಚಿ ಗೋಡೆಯಾಗುತ್ತದೆ. ಬೇರೆ ಕಟ್ಟಡಗಳ ಸುತ್ತ ನಡೆದರೆ ನಾವು ಚಲಿಸಿದ ಹಾಗಿರುತ್ತದೆ. ಇದರ ಸುತ್ತ ನಡೆದರೆ ಕಟ್ಟಡವೇ ತಿರುಗಿದ ಹಾಗೆ.

ಛಾಯಾಗ್ರಾಹಕರು ಇದನ್ನು ಬೇಗ ಕಂಡುಕೊಂಡರು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1903ರಲ್ಲಿ ಹಿಮದ ನಡುವೆ, ಎಡ್ವರ್ಡ್ ಸ್ಟೈಕನ್ 1904ರಲ್ಲಿ ಮುಸ್ಸಂಜೆಯ ಮಬ್ಬಿನಲ್ಲಿ ತೆಗೆದ ಚಿತ್ರಗಳು ಛಾಯಾಗ್ರಹಣದ ಇತಿಹಾಸಕ್ಕೇ ಸೇರಿವೆ. ಸ್ಟೈಕನ್ ಚಿತ್ರದ ಒಂದು ಪ್ರತಿ 2022ರ ನವೆಂಬರಿನಲ್ಲಿ 1.18 ಕೋಟಿ ಡಾಲರಿಗೆ ಹರಾಜಾಯಿತು. ಕಟ್ಟಡದ ಹರಾಜಿಗೆ ನಾಲ್ಕು ತಿಂಗಳು ಮುಂಚೆ, ಕಟ್ಟಡಕ್ಕೆ ಕಟ್ಟದೇ ಹೋದ ಮುಂಗಡದ ಅರ್ಧಕ್ಕಿಂತ ಹೆಚ್ಚು ಹಣ, ಬರೀ ಚಿತ್ರಕ್ಕೆ. ಅದನ್ನು ಕೊಂಡವರಿಗೆ ಲಿಫ್ಟ್ ದುರಸ್ತಿಯ ಚಿಂತೆಯಿಲ್ಲ.

ಈ ಕಟ್ಟಡದ ಫಜೀತಿ ಇರುವುದೇ ಇಲ್ಲಿ. ಆಕಾರದಿಂದ ಸಿಗುವ ಸುಖ ಬೀದಿಯಲ್ಲಿ ನಿಂತವನಿಗೆ, ಪುಕ್ಕಟೆ. ಆಕಾರದ ಖರ್ಚು ಒಳಗಿರುವವನಿಗೆ, ತಿಂಗಳು ತಿಂಗಳು. ನೋಡುವವರು ಎಷ್ಟೇ ಲಕ್ಷವಾಗಲಿ, ಅವರ ಪ್ರೀತಿ ಮಾಲೀಕನ ಖಾತೆಗೆ ಜಮೆಯಾಗುವುದಿಲ್ಲ.

ಆಫೀಸಿಗೆ ಆಗದ್ದು ಮನೆಗೆ ಹೇಗೆ ಆಗುತ್ತದೆ?

ಬ್ರಾಡ್‌ಸ್ಕಿ ಆರ್ಗನೈಸೇಷನ್ ಎಂಬ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಪಾಲು ಕೊಂಡು ಸೇರಿಕೊಂಡಿತು. ಕಟ್ಟಡವನ್ನು ಮನೆಗಳಾಗಿಸುವ ಯೋಜನೆ ಆಗ ಹೊರಬಿತ್ತು. ಇದನ್ನು ಸೋಲಿನ ಲಕ್ಷಣವೆಂದು ಹಲವರು ಓದಿದರು. ಲೆಕ್ಕ ಹಾಕಿದರೆ ಆಕಾರಕ್ಕೆ ಇದೇ ಹೆಚ್ಚು ಒಗ್ಗುವ ಕೆಲಸ.

ಕೋವಿಡ್ ನಂತರ ಖಾಲಿ ಬಿದ್ದ ಆಫೀಸುಗಳನ್ನೆಲ್ಲ ಮನೆ ಮಾಡಿಬಿಡಿ ಎಂಬ ಸಲಹೆ ಎಲ್ಲ ದೊಡ್ಡ ನಗರಗಳಲ್ಲೂ ಕೇಳಿಬಂತು. ಹೇಳಿದಷ್ಟು ಸುಲಭವಲ್ಲ. ಕಳೆದ ಶತಮಾನದ ಉತ್ತರಾರ್ಧದ ಆಫೀಸುಗಳು ಅಗಲವಾಗಿ, ಆಳವಾಗಿ ಕಟ್ಟಿದವು. ಟ್ಯೂಬ್‌ಲೈಟೂ ಎಸಿಯೂ ಇದ್ದ ಮೇಲೆ ಕಿಟಕಿಯಿಂದ ಐವತ್ತಡಿ ದೂರ ಗುಮಾಸ್ತನನ್ನು ಕೂರಿಸಿದರೆ ತಪ್ಪೇನು? ಮಲಗುವ ಕೋಣೆಗೆ ಆ ಮಾತು ಹೇಳಲಾಗದು, ಅದಕ್ಕೆ ಕಿಟಕಿ ಬೇಕೇ ಬೇಕು. ಅಂಥ ಕಟ್ಟಡದ ನಡುಭಾಗ ಮನೆಗೆ ಕೆಲಸಕ್ಕೆ ಬಾರದ ಕತ್ತಲು. ಫ್ಲಾಟ್‌ಐರನ್ ಕಟ್ಟಿದ ಕಾಲದಲ್ಲಿ ಬೆಳಕು ಕಿಟಕಿಯಿಂದಲೇ ಬರಬೇಕಿತ್ತು. ಅತಿ ಅಗಲದ ಹಿಂಬದಿಯಲ್ಲೂ ಅದು ಎಂಬತ್ತೈದು ಅಡಿಯ ಆಸುಪಾಸು, ಮೂತಿಯ ಕಡೆಗೆ ಸಾಗಿದಂತೆ ಕಿರಿದಾಗುತ್ತ ಹೋಗುತ್ತದೆ. ಮೂರೂ ಬದಿ ಬೀದಿ. ಯಾವ ಕೋಣೆಯೂ ಬೆಳಕಿನಿಂದ ದೂರವಿಲ್ಲ. ಇನ್ನೂರು ಜನರ ಕಂಪನಿಗೆ ಚಿಕ್ಕದಾದ ಮಹಡಿ ಒಂದೆರಡು ದೊಡ್ಡ ಮನೆಗೆ ಧಾರಾಳ. ಬೀರು ಕೂರದ ಆ ಚೂಪು ಮೂಲೆ ಆಫೀಸಿನಲ್ಲಿ ವ್ಯರ್ಥ ಜಾಗ, ಶ್ರೀಮಂತರ ಹಜಾರದಲ್ಲಿ ಅದೇ ದುಬಾರಿ ಸರಕು. ಪ್ರೀತಿ ಜಮೆಯಾಗುವುದಿಲ್ಲ ಎಂದೆನಲ್ಲ, ಅದನ್ನು ಜಮೆ ಮಾಡಿಕೊಳ್ಳುವ ಒಂದೇ ದಾರಿ ಇದು: ವಿಳಾಸವನ್ನೇ ಮಾರುವುದು.

ಪರ, ವಿರೋಧ, ಮತ್ತು ಕಾನೂನಿನ ಮಿತಿ

ಬದಲಾವಣೆಯ ಪರವಾಗಿರುವವರ ವಾದ ನೇರ. ಖಾಲಿ ಕಟ್ಟಡ ಬೇಗ ಹಾಳಾಗುತ್ತದೆ. ನೂರು ವರ್ಷದ ಟೆರಾಕೋಟಾದ ಬಿರುಕಿಗೆ ನೀರಿಳಿದರೆ ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬುತ್ತದೆ, ಹೊದಿಕೆ ಒಡೆದು ಬೀಳುತ್ತದೆ. ಅದನ್ನು ತಡೆಯಲು ಹಣ ಬೇಕು. ಹಣ ಕೊಡಬಲ್ಲವರು ಮನೆ ಕೊಳ್ಳುವವರಾದರೆ ಹಾಗೇ ಆಗಲಿ.

ವಿರೋಧದಲ್ಲಿ ಎರಡು ಬಗೆಯಿದೆ. ಮನೆಯ ಕೊರತೆಯಿಂದ ನರಳುವ ನಗರದಲ್ಲಿ ಇಂಥ ಐಷಾರಾಮಿ ಮನೆಗಳಿಂದ ಯಾರ ತಲೆಯ ಮೇಲೂ ಹೊಸದಾಗಿ ಸೂರು ಬರುವುದಿಲ್ಲ ಎಂಬುದು ಒಂದು. ಮಾತು ಸರಿ. ಆದರೆ ಈ ಕಟ್ಟಡ ಪೂರ್ತಿ ಸೋವಿಯ ಮನೆಗಳಾಗಿದ್ದರೂ ನಗರದ ಕೊರತೆಯಲ್ಲಿ ಅದು ಸಾಸಿವೆಯಷ್ಟೇ. ಎರಡನೆಯದು ಹೆಚ್ಚು ತೂಕದ್ದು. ಆಫೀಸಾಗಿದ್ದಾಗ ನೂರಾರು ಜನ ಒಳಗೆ ಹೋಗಿಬರುತ್ತಿದ್ದರು, ಲೇಖಕರು, ಅಂಚೆಯವರು, ಕೆಲಸ ಕೇಳಿಕೊಂಡು ಬಂದವರು. ಮನೆಯಾದ ಮೇಲೆ ಒಳಗು ಬೆರಳೆಣಿಕೆಯ ಕುಟುಂಬಗಳದು, ಅವರಲ್ಲೂ ಹಲವರು ವರ್ಷದ ಬಹುಪಾಲು ಊರಲ್ಲೇ ಇರದವರಾಗಬಹುದು. ಎಲ್ಲರ ಕಣ್ಣಿನ ಕಟ್ಟಡ ರಾತ್ರಿ ದೀಪವಿಲ್ಲದ ಕಿಟಕಿಗಳ ಸಾಲಾಗುವ ಭಯ.

ಕಾನೂನು ಈ ಭಯಕ್ಕೆ ಉತ್ತರಿಸುವುದಿಲ್ಲ. ಪೆನ್ ಸ್ಟೇಷನ್ ಎಂಬ ಭವ್ಯ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರುಮಾಡಿದಾಗ ಎದ್ದ ಆಕ್ರೋಶದ ಹಿಂದೆಯೇ 1965ರಲ್ಲಿ ನ್ಯೂಯಾರ್ಕ್ ಪಾರಂಪರಿಕ ಕಟ್ಟಡಗಳ ಕಾನೂನು ತಂದಿತು. ಫ್ಲಾಟ್‌ಐರನ್‌ಗೆ 1966ರಲ್ಲೇ ಆ ರಕ್ಷಣೆ ಸಿಕ್ಕಿತು. ಆದರೆ ರಕ್ಷಣೆ ಹೊರಮೈಗೆ. ಮೈಮೇಲಿನ ಒಂದು ಕಿಟಕಿ ಬದಲಿಸಲೂ ಅನುಮತಿ ಬೇಕು, ಒಳಗೆ ಯಾರಿರಬೇಕು, ಏನು ಮಾಡಬೇಕು ಎಂಬುದು ಆ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಈ ಏರ್ಪಾಟನ್ನು ಟೀಕಿಸುವುದು ಸುಲಭ. ಬೇರೆ ದಾರಿ ಹೇಳುವುದು ಕಷ್ಟ. ಒಳಗಿನ ಬಳಕೆಯನ್ನೂ ಕಟ್ಟಿಹಾಕಿದ್ದರೆ ಕಟ್ಟಡ ಇಂದಿಗೂ ಬಾಡಿಗೆದಾರನಿಗೆ ಕಾಯುತ್ತ ನಿಂತಿರುತ್ತಿತ್ತು.

ಹಾಗೆ ಕಾಯುತ್ತ ನಿಂತರೆ ಏನಾಗುತ್ತದೆಂದು ತಿಳಿಯಲು ಮೈಸೂರು ಸಾಕು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟುವುದೋ ಉಳಿಸಿ ದುರಸ್ತಿ ಮಾಡುವುದೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ಎಳೆಯಿತು. ಅಲ್ಲಿ ತೊಡಕು ಇನ್ನೂ ಜಾಸ್ತಿ, ಏಕೆಂದರೆ ದೇವರಾಜ ಮಾರುಕಟ್ಟೆಯ ಬೆಲೆ ಇರುವುದು ಗೋಡೆಯಲ್ಲಿ ಮಾತ್ರವಲ್ಲ, ಒಳಗಿನ ಹೂವು ವೀಳ್ಯದೆಲೆಯ ಸಾಲಿನಲ್ಲಿ. ಹೊರಮೈ ಉಳಿಸಿ ಒಳಗನ್ನು ಬದಲಿಸುವ ನ್ಯೂಯಾರ್ಕಿನ ಸೂತ್ರ ಅಲ್ಲಿಗೆ ನಡೆಯದು.

ಇಂದು ಕಟ್ಟಬಹುದೇ?

ಬೆಂಗಳೂರಿನಲ್ಲಿ ಇಂಥದೇ ತುಂಡು ಸೈಟು ಸಿಕ್ಕಿತೆನ್ನಿ. ಮೊದಲ ಅಡ್ಡಿ ವಾಸ್ತು. ಮುಂದೆ ಕಿರಿದು ಹಿಂದೆ ಅಗಲವಿದ್ದರೆ ಗೋಮುಖ, ವಾಸಕ್ಕೆ ಒಳ್ಳೆಯದು. ತಿರುಗುಮುರುಗಾದರೆ ವ್ಯಾಘ್ರಮುಖ, ಅಂಗಡಿಗೆ ಆದೀತು. ಪೂರ್ತಿ ಮುಕ್ಕೋನವಾದರೆ ಮೇಸ್ತ್ರಿಯೇ ಬೇಡವೆನ್ನುತ್ತಾನೆ. ವಾಸ್ತು ನಂಬದವರಿಗೂ ದಾಟಲಾಗದ ಅಡ್ಡಿ ಸೆಟ್‌ಬ್ಯಾಕ್.

ಸೈಟಿನ ಗಡಿಯಿಂದ ಇಂತಿಷ್ಟು ಅಡಿ ಬಿಟ್ಟೇ ಕಟ್ಟಬೇಕೆಂಬ ನಿಯಮ ಚೌಕ ಸೈಟನ್ನು ಕಚ್ಚುವುದಕ್ಕಿಂತ ಮುಕ್ಕೋನವನ್ನು ಹೆಚ್ಚು ಕಚ್ಚುತ್ತದೆ. ಫ್ಲಾಟ್‌ಐರನ್ ಜಾಗದ ಅಳತೆಯಲ್ಲೇ ನೋಡೋಣ. 25 ಡಿಗ್ರಿಯ ತುದಿಯಲ್ಲಿ ಎರಡೂ ಕಡೆ ಐದೈದು ಅಡಿ ಬಿಟ್ಟರೆ ಕಟ್ಟಡದ ಮೂತಿ 23 ಅಡಿ ಹಿಂದೆ ಸರಿಯುತ್ತದೆ. ಹದಿನೈದು ಅಡಿ ಬಿಟ್ಟರೆ ಸುಮಾರು 70 ಅಡಿ. ಮೂರೂ ಬದಿ ಹದಿನೈದು ಅಡಿ ಬಿಟ್ಟ ಮೇಲೆ 8,500 ಚದರ ಅಡಿಯಲ್ಲಿ ಕಟ್ಟಲು ಸಿಗುವುದು ಮೂರನೇ ಒಂದು ಪಾಲಿಗೂ ಕಡಿಮೆ. ಅಷ್ಟೇ ವಿಸ್ತೀರ್ಣದ ಚೌಕ ಸೈಟಾಗಿದ್ದರೆ ಅರ್ಧದ ಹತ್ತಿರ ಸಿಗುತ್ತಿತ್ತು. ಗಾಳಿ, ಬೆಳಕು, ಅಗ್ನಿಶಾಮಕ ವಾಹನ ಎಂದು ಈ ನಿಯಮಗಳಿಗೆ ಒಳ್ಳೆಯ ಕಾರಣಗಳಿವೆ. ಕೂಡುರಸ್ತೆಯಲ್ಲಿ ಎದುರಿನ ವಾಹನ ಕಾಣಬೇಕೆಂದು ಮೂಲೆಯನ್ನು ಕತ್ತರಿಸುವುದಕ್ಕೂ ಕಾರಣವಿದೆ. ಎಲ್ಲ ಸೇರಿದಾಗ ಚೂಪು ಮೂಲೆಯೇ ಮಾಯ. ನಮ್ಮ ಊರುಗಳ ಮುಕ್ಕೋನ ತುಂಡುಗಳ ಮೇಲೆ ಟ್ರಾನ್ಸ್‌ಫಾರ್ಮರ್, ನಂದಿನಿ ಬೂತು, ಒಂದು ಧ್ವಜಸ್ತಂಭ ನಿಂತಿರುವುದು ಕಲ್ಪನೆಯ ಬಡತನದಿಂದಲ್ಲ, ಅಲ್ಲಿ ಬೇರೇನೂ ಕಟ್ಟಲಾಗದ್ದರಿಂದ. ನ್ಯೂಯಾರ್ಕಿನಲ್ಲೂ ಹಳೆಯ ಮುಕ್ಕೋನಗಳ ಮೇಲಿನ ಮೋಹ ವರ್ಷ ಕಳೆದಂತೆ ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ. ಅವು ಕಡಿಮೆಯಾಗಬಹುದೇ ಹೊರತು ಹೊಸದಾಗಿ ಹುಟ್ಟುವುದು ಕಷ್ಟ.

ಮೂತಿಯ ಮುಂದಿನ ಗಾಜು

ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಬುಡದಲ್ಲಿ, ಮೂತಿಗೆ ಅಂಟಿಕೊಂಡಂತೆ, ಒಂದೇ ಅಂತಸ್ತಿನ ಗಾಜಿನ ಗೂಡು ಕಾಣುತ್ತದೆ. ರೈಲು ಎಂಜಿನ್ನಿನ ಮುಂದೆ ಹಸುಗಳನ್ನು ಬದಿಗೆ ತಳ್ಳಲು ಹಾಕುತ್ತಿದ್ದ ಕಬ್ಬಿಣದ ಮೂತಿಯ ನೆನಪಿನಲ್ಲಿ ಅದನ್ನು ಕೌಕ್ಯಾಚರ್ ಎನ್ನುತ್ತಾರೆ. ಬರ್ನ್‌ಹ್ಯಾಮ್ ಅವರ ನಕ್ಷೆಯಲ್ಲಿ ಅದು ಇರಲಿಲ್ಲ. ಫುಲ್ಲರ್ ಕಂಪನಿಯ ಮುಖ್ಯಸ್ಥ ಹ್ಯಾರಿ ಬ್ಲ್ಯಾಕ್‌ಗೆ ತುದಿಯಲ್ಲಿ ಉಳಿದ ಆ ಗೇಣು ನೆಲವೂ ಬಾಡಿಗೆ ದುಡಿಯಬೇಕಿತ್ತು, ಅಂಗಡಿಗೆಂದು ಹಟ ಹಿಡಿದು ಸೇರಿಸಿದರು. ಕಟ್ಟಡದ ಅಂದ ಕೆಡುತ್ತದೆಂದು ವಾಸ್ತುಶಿಲ್ಪಿ ಒಪ್ಪಲಿಲ್ಲ. ಗೆದ್ದದ್ದು ಮಾಲೀಕರು. ಮನೆ ಕೊಂಡವರಾಗಲಿ ಮಾರಿದವರಾಗಲಿ ಇಂದು ಅದು ಬೇಡವೆಂದು ತೀರ್ಮಾನಿಸಿದರೆ, ಪಾರಂಪರಿಕ ಹೊರಮೈಯ ಭಾಗವಾದ ಅದನ್ನು ಮುಟ್ಟುವ ಮೊದಲು ನಗರದ ಅನುಮತಿ ಕೇಳಬೇಕು.